640 ಕೆಬಿಯೊಳಗೆ ಕನ್ನಡ: ಡಾಸ್ ಕಾಲದ ಇಕ್ಕಟ್ಟು ಇವತ್ತಿನ ಕಡತಕ್ಕೂ ಯಾಕೆ ಅಂಟಿಕೊಂಡಿದೆ?

ಸರ್ಕಾರಿ ಕಚೇರಿಯ ಹಳೇ ಕನ್ನಡ ಕಡತವೊಂದನ್ನು ಕಂಪ್ಯೂಟರಿನಲ್ಲಿ ತೆರೆದು, ಅದರಲ್ಲಿ ‘ಸರ್ಕಾರ’ ಅನ್ನೋ ಪದ ಹುಡುಕಿ ನೋಡಿ. ಕಣ್ಣೆದುರೇ ಹತ್ತು ಕಡೆ ಆ ಪದ ಇದ್ದರೂ ಕಂಪ್ಯೂಟರ್ ‘ಸಿಗಲಿಲ್ಲ’ ಅನ್ನುತ್ತೆ. ಅದೇ ಸಾಲನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರ, ಅರ್ಥವಿಲ್ಲದ ಕಲಸುಮೇಲೋಗರ. ‘ಫಾಂಟ್ ಪ್ರಾಬ್ಲಂ’ ಅಂತ ಸುಮ್ಮನಾಗುವವರೇ ಹೆಚ್ಚು. ಆದರೆ ಇದರ ಬೇರು ಫಾಂಟಿಗಿಂತ ಆಳದಲ್ಲಿದೆ. ಮೊದಲ ಪರ್ಸನಲ್ ಕಂಪ್ಯೂಟರುಗಳ ಮೆಮೊರಿ ಎಷ್ಟು ಚಿಕ್ಕದಿತ್ತು, ಅವುಗಳ ಆಪರೇಟಿಂಗ್ ಸಿಸ್ಟಮ್ ಅದನ್ನು ಹೇಗೆ ಹಂಚುತ್ತಿತ್ತು, ಆ ಜಾಗದಲ್ಲಿ ಕನ್ನಡ ಹೇಗೆ ಮುದುಡಿ ಕೂತಿತು ಅನ್ನೋದು ಗೊತ್ತಾದರೆ ಮಾತ್ರ ಇವತ್ತಿನ ಕಿರಿಕಿರಿ ಅರ್ಥವಾಗುತ್ತೆ.

ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಇವತ್ತು ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆ ಕ್ಯಾಂಪಸ್ ಇದೆ. ಶಾಲಾ–ಕಾಲೇಜು ಶಿಕ್ಷಕರಿಗೆ ಅಲ್ಲಿ ವಿಜ್ಞಾನದ ತರಬೇತಿ ನಡೆಯುತ್ತೆ. ಇದೇ ಸೀಮೆಯ ಅಮೃತ್ ಮಹಲ್ ಕಾವಲ್ ಜಮೀನು ದೊಡ್ಡ ಸಂಸ್ಥೆಗಳಿಗೆ ಹೋದ ವಿವಾದ ಹಸಿರು ನ್ಯಾಯಮಂಡಳಿಯ ತನಕ ಹೋಗಿತ್ತು. ಅಂದ್ರೆ ಇದು ಕಂಪ್ಯೂಟರೂ ಬಂದಿರುವ, ಹಳೇ ಕಾಗದಪತ್ರಕ್ಕೂ ಬೆಲೆ ಇರುವ ಊರು. ಕಡತದಲ್ಲಿ ಪದ ಹುಡುಕೋಕೆ ಆಗುತ್ತೋ ಇಲ್ಲವೋ ಅನ್ನೋದು ಇಂಥ ಕಡೆ ಬರೀ ತಾಂತ್ರಿಕ ಪ್ರಶ್ನೆ ಅಲ್ಲ.

ಮೆಮೊರಿ ಅಂದ್ರೆ ಕಣ, ಗೋದಾಮಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕಡತಗಳನ್ನು ಇಟ್ಟುಕೊಳ್ಳೋ ಜಾಗ ಡಿಸ್ಕು. ಕೆಲಸ ನಡೆಯೋ ಜಾಗ ಮೆಮೊರಿ, ಅಂದ್ರೆ ರ‍್ಯಾಮ್. ಚಳ್ಳಕೆರೆ ಕಡೆಯವರಿಗೆ ಹೇಳೋದಾದರೆ, ಶೇಂಗಾ ತುಂಬಿಡೋ ಗೋದಾಮು ಡಿಸ್ಕು, ಶೇಂಗಾ ಬಡಿದು ತೂರೋ ಕಣ ಮೆಮೊರಿ. ಗೋದಾಮು ಎಷ್ಟೇ ದೊಡ್ಡದಿರಲಿ, ಕಣ ಚಿಕ್ಕದಿದ್ದರೆ ಒಂದೇ ಸಲಕ್ಕೆ ಆಗೋ ಕೆಲಸವೂ ಅಷ್ಟೇ.

ಆಪರೇಟಿಂಗ್ ಸಿಸ್ಟಮ್ ಈ ಕಣದ ಮೇಸ್ತ್ರಿ. ಯಾವ ಪ್ರೋಗ್ರಾಂ ಎಲ್ಲಿ ಕೂರಬೇಕು, ಕೀಬೋರ್ಡು, ಪರದೆ, ಡಿಸ್ಕಿನ ಜೊತೆ ಹೇಗೆ ಮಾತಾಡಬೇಕು ಅನ್ನೋದೆಲ್ಲ ಅದರ ಜವಾಬ್ದಾರಿ. ತಮಾಷೆ ಏನಂದ್ರೆ ಮೇಸ್ತ್ರಿಯೂ ಅದೇ ಕಣದಲ್ಲಿ ಕೂರಬೇಕು. ಅವನು ದಪ್ಪ ಆದಷ್ಟೂ ಕೆಲಸಕ್ಕೆ ಜಾಗ ಕಡಿಮೆ.

64 ಕೆಬಿ ಕಾಲ

1974ರಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಆ ಕಾಲದ ಸಣ್ಣ ಕಂಪ್ಯೂಟರುಗಳ ಜನಪ್ರಿಯ ಆಪರೇಟಿಂಗ್ ಸಿಸ್ಟಮ್. ಅದು ಓಡುತ್ತಿದ್ದ ಇಂಟೆಲ್ 8080 ಚಿಪ್ಪಿಗೆ 16 ವಿಳಾಸ ತಂತಿಗಳು. ಒಂದೊಂದು ತಂತಿಯಲ್ಲೂ 0 ಅಥವಾ 1. ಹಾಗಾಗಿ ಎರಡನ್ನು 16 ಸಲ ಗುಣಿಸಿದರೆ ಬರೋ 65,536 ಬೈಟ್, ಅಂದ್ರೆ 64 ಕಿಲೋಬೈಟೇ ಅದರ ಇಡೀ ಲೋಕ. ಸಿಪಿ/ಎಂ ತಾನು ಆ ಲೋಕದ ಮೇಲ್ತುದಿಯಲ್ಲಿ ಕೂತು, 256ನೇ ವಿಳಾಸದಿಂದ ಮೇಲಿನ ಜಾಗವನ್ನು ಪ್ರೋಗ್ರಾಂಗೆ ಬಿಡುತ್ತಿತ್ತು.

ಭಾರತದ ಶಾಲೆಗಳಿಗೆ ಕಂಪ್ಯೂಟರ್ ಬಂದದ್ದೂ ಇಂಥ ಇಕ್ಕಟ್ಟಿನಲ್ಲೇ. 1984ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಕೊಟ್ಟದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೋ. ಅದರ ಮಾಡೆಲ್ ಬಿ ಯಂತ್ರದಲ್ಲಿ ಇದ್ದದ್ದು 32 ಕೆಬಿ ರ‍್ಯಾಮ್. ಆಪರೇಟಿಂಗ್ ಸಿಸ್ಟಮ್ ಮತ್ತು ಬೇಸಿಕ್ ಭಾಷೆ ಬೇರೆ ರಾಮ್ ಚಿಪ್ಪಿನಲ್ಲಿ ಇದ್ದವು, ಪುಣ್ಯ. ಆದರೂ ಅತಿ ನುಣುಪಾದ ಗ್ರಾಫಿಕ್ಸ್ ಬೇಕೆಂದರೆ ಪರದೆಯೇ 20 ಕೆಬಿ ನುಂಗುತ್ತಿತ್ತು. ಫ್ಲಾಪಿ ಡ್ರೈವಿನ ವ್ಯವಸ್ಥೆಯೂ ಸೇರಿದರೆ, ವಿದ್ಯಾರ್ಥಿ ಬರೆಯೋ ಬೇಸಿಕ್ ಪ್ರೋಗ್ರಾಂಗೆ ಉಳಿಯುತ್ತಿದ್ದದ್ದು 6 ಕೆಬಿಗಿಂತ ಕಡಿಮೆ. ಬರೀ ಅಕ್ಷರ ತೋರಿಸೋ ಟೆಲಿಟೆಕ್ಸ್ಟ್ ಬಗೆಯ ಪರದೆಗೆ ಮಾತ್ರ 1 ಕೆಬಿ ಸಾಕಿತ್ತು. ಅದು ಇಂಗ್ಲಿಷ್ ಅಕ್ಷರ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಕನ್ನಡದ ಕಥೆ ನಿಂತಿರೋದೇ ಇದರ ಮೇಲೆ.

640ರ ಗಡಿ ಎಲ್ಲಿಂದ ಬಂತು?

1981ರ ಆಗಸ್ಟ್ 12ಕ್ಕೆ ಐಬಿಎಂ ಪಿಸಿ ಬಂತು. ಅದರೊಳಗೆ ಇಂಟೆಲ್ 8088, 20 ವಿಳಾಸ ತಂತಿ. ಲೆಕ್ಕ ಹಾಕಿದರೆ 10,48,576 ಬೈಟ್, ಅಂದ್ರೆ 1 ಮೆಗಾಬೈಟ್. ಅತಿ ಅಗ್ಗದ ಮಾದರಿಯಲ್ಲಿ ಇದ್ದ ರ‍್ಯಾಮ್ ಬರೀ 16 ಕೆಬಿ. ಹಾಗಾಗಿ 1 ಎಂಬಿ ವಿಳಾಸದ ಬಯಲು ಆಗ ಯಾರಿಗೂ ಚಿಕ್ಕದು ಅನಿಸಲಿಲ್ಲ.

ಐಬಿಎಂ ಎಂಜಿನಿಯರುಗಳು ಈ ಬಯಲನ್ನು ಎರಡು ಪಾಲು ಮಾಡಿದರು. ಕೆಳಗಿನ 640 ಕೆಬಿ ಆಪರೇಟಿಂಗ್ ಸಿಸ್ಟಮ್ ಮತ್ತು ಪ್ರೋಗ್ರಾಂಗಳಿಗೆ. ಮೇಲಿನ 384 ಕೆಬಿ ಪರದೆಯ ಮೆಮೊರಿ, ಬಯೋಸ್, ಮತ್ತು ಮುಂದೆ ಸಿಕ್ಕಿಸಬಹುದಾದ ಕಾರ್ಡುಗಳಿಗೆ. ‘640 ಕೆಬಿ ಎಲ್ಲರಿಗೂ ಸಾಕು’ ಅಂತ ಬಿಲ್ ಗೇಟ್ಸ್ ಹೇಳಿದರು ಅನ್ನೋ ಮಾತು ಊರೆಲ್ಲ ಓಡಾಡುತ್ತೆ. ಅವರು ಅದನ್ನು ನಿರಾಕರಿಸಿದ್ದಾರೆ. ಗಡಿ ಹಾಕಿದ್ದು ಯಾರದೋ ಮಾತಲ್ಲ, ಚಿಪ್ಪಿನ ತಂತಿಗಳು ಮತ್ತು ಐಬಿಎಂನ ಹಂಚಿಕೆ.

ಇನ್ನೊಂದು ತೊಡಕಿತ್ತು. 8088ರ ಒಳಗಿನ ರಿಜಿಸ್ಟರುಗಳು 16 ಬಿಟ್ಟಿನವು, ವಿಳಾಸ ಮಾತ್ರ 20 ಬಿಟ್. ಅದಕ್ಕೆ ಇಂಟೆಲ್ ‘ಸೆಗ್ಮೆಂಟ್’ ಅನ್ನೋ ಉಪಾಯ ಮಾಡಿತು. ಹೆದ್ದಾರಿಯಲ್ಲಿ ‘ಇಂಥ ಮೈಲಿಗಲ್ಲಿನಿಂದ ಇಷ್ಟು ಹೆಜ್ಜೆ’ ಅಂತ ಜಾಗ ಗುರುತಿಸಿದ ಹಾಗೆ. ಸೆಗ್ಮೆಂಟ್ ಸಂಖ್ಯೆಯನ್ನು 16ರಿಂದ ಗುಣಿಸಿ, ಅದಕ್ಕೆ ಆಫ್‌ಸೆಟ್ ಕೂಡಿಸಬೇಕು. ಒಂದು ಮೈಲಿಗಲ್ಲಿನಿಂದ 64 ಕೆಬಿಗಿಂತ ದೂರ ಹೋಗೋ ಹಾಗಿಲ್ಲ. ನನ್ನ ಹಾಗೆ ಎಂಜಿನಿಯರಿಂಗ್ ಕಾಲೇಜಿನ ಮೈಕ್ರೋಪ್ರೊಸೆಸರ್ ಲ್ಯಾಬಿನಲ್ಲಿ ಈ ಗುಣಾಕಾರ–ಸಂಕಲನ ಮಾಡಿ ಬೈದುಕೊಂಡವರು ಕರ್ನಾಟಕದಲ್ಲಿ ಸಾವಿರಾರು ಜನ ಇದ್ದಾರೆ.

ಈ ಪಿಸಿಯ ಮೇಲೆ ಓಡಿದ ಡಾಸ್‌ಗೆ ಮೂಲ, ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನಲ್ಲಿ ಟಿಮ್ ಪ್ಯಾಟರ್ಸನ್ ಬರೆದಿದ್ದ ವ್ಯವಸ್ಥೆ. ಮೈಕ್ರೋಸಾಫ್ಟ್ ಅದನ್ನು 1981ರಲ್ಲಿ ಕೊಂಡುಕೊಂಡಿತು. ಸಿಪಿ/ಎಂ ಪ್ರೋಗ್ರಾಂಗಳನ್ನು ಸುಲಭವಾಗಿ ಇದಕ್ಕೆ ತರಲಿ ಅನ್ನೋ ಉದ್ದೇಶದಿಂದ ಅದರ ಹಳೇ ಅಭ್ಯಾಸಗಳನ್ನೂ ಡಾಸ್ ಉಳಿಸಿಕೊಂಡಿತು. ‘ಕಾಮ್’ ಕಡತಗಳು 64 ಕೆಬಿ ದಾಟಬಾರದು, 256ನೇ ಬೈಟಿನಿಂದಲೇ ಶುರುವಾಗಬೇಕು ಅನ್ನೋದು ಅಲ್ಲಿಂದ ಬಂದ ಬಳುವಳಿ. ಕಡತದ ಹೆಸರಿಗೆ 8 ಅಕ್ಷರ, ಚುಕ್ಕಿಯ ಆಮೇಲೆ 3 ಅಕ್ಷರ ಅನ್ನೋ ನಿಯಮವೂ ಅದೇ ಮನೆಯದು. ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಕುದಾಪುರಕ್ಕೆ ಸರಿಯಾಗಿ 8 ಅಕ್ಷರ, ಹೆಸರು ಪೂರ್ತಿ ಹಿಡಿಸುತ್ತೆ. ಚಳ್ಳಕೆರೆಗೆ 10, ಮೊಳಕಾಲ್ಮುರುಗೆ 11. ಅವೆರಡರ ಬಾಲ ಕತ್ತರಿಸಲೇಬೇಕು.

ಜಾಗ ಉಳಿಸುವ ಕಸರತ್ತುಗಳು

ಡಾಸ್ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಓಡಿಸೋ ಸರಳ ಮೇಸ್ತ್ರಿ. ತನ್ನ ಕಮಾಂಡ್ ಓದುವ ಭಾಗದ ಅರ್ಧವನ್ನು ಅದು ಮೆಮೊರಿಯ ಮೇಲ್ತುದಿಯಲ್ಲಿ ಇಟ್ಟು, ‘ಬೇಕಾದರೆ ಇದನ್ನು ಅಳಿಸಿ ಜಾಗ ಬಳಸಿಕೋ’ ಅಂತ ಪ್ರೋಗ್ರಾಂಗೆ ಬಿಟ್ಟುಕೊಡುತ್ತಿತ್ತು. ಕೆಲಸ ಮುಗಿದ ಮೇಲೆ ಡಿಸ್ಕಿನಿಂದ ಮತ್ತೆ ಓದಿಕೊಳ್ಳೋದು. ಫ್ಲಾಪಿ ಬದಲಾಗಿದ್ದರೆ ‘ಆ ಡಿಸ್ಕ್ ಹಾಕಿ’ ಅಂತ ಸಂದೇಶ ಬರುತ್ತಿದ್ದದ್ದು ಇದಕ್ಕೇ.

ವರ್ಡ್‌ಸ್ಟಾರ್‌ನಂಥ ಪ್ರೋಗ್ರಾಂಗಳು ‘ಓವರ್‌ಲೇ’ ಬಳಸಿದವು. ಪ್ರೋಗ್ರಾಂ ತುಂಡು ತುಂಡಾಗಿ ಡಿಸ್ಕಿನಲ್ಲಿರುತ್ತೆ, ಬೇಕಾದ ತುಂಡು ಮಾತ್ರ ಮೆಮೊರಿಗೆ ಬರುತ್ತೆ, ಹಿಂದಿನದ್ದರ ಮೇಲೇ ಕೂರುತ್ತೆ. ಇನ್ನು ಕೆಲವು ಪ್ರೋಗ್ರಾಂಗಳು ಮುಗಿದ ಮೇಲೂ ಮೆಮೊರಿ ಬಿಡದೆ ಮೂಲೆಯಲ್ಲಿ ಕೂತು, ಒಂದು ಕೀ ಒತ್ತಿದರೆ ಎದ್ದು ಬರುತ್ತಿದ್ದವು. ಇವೇ ಟಿಎಸ್‌ಆರ್‌ಗಳು. ಇಂಥ ಬಾಡಿಗೆದಾರರು ಹೆಚ್ಚಾದಷ್ಟೂ ಮುಖ್ಯ ಕೆಲಸಕ್ಕೆ ಉಳಿಯೋ 640 ಕೆಬಿ ಕರಗುತ್ತಿತ್ತು.

ಈಗ ಕನ್ನಡವನ್ನು ಒಳಗೆ ತನ್ನಿ

ಇಂಗ್ಲಿಷ್ ಪರದೆಯ ಲೆಕ್ಕ ನೋಡಿ. 80 ಕಾಲಮ್, 25 ಸಾಲು. ಒಂದು ಅಕ್ಷರಕ್ಕೆ ಒಂದು ಬೈಟ್, ಅದರ ಬಣ್ಣಕ್ಕೆ ಇನ್ನೊಂದು. ಒಟ್ಟು 4,000 ಬೈಟ್. ಅಕ್ಷರದ ಆಕಾರ ಬಿಡಿಸೋ ಕೆಲಸ ಡಿಸ್‌ಪ್ಲೇ ಕಾರ್ಡಿನದ್ದು, ರ‍್ಯಾಮಿಗೆ ಅದರ ಹೊರೆಯೇ ಇಲ್ಲ.

ಕನ್ನಡಕ್ಕೆ ಈ ಅನುಕೂಲ ಇರಲಿಲ್ಲ. ಒಂದೇ ಅಗಲದ ಕಿರಿದಾದ ಚೌಕಗಳಲ್ಲಿ ‘ಕ್ಷ್ಮಿ’, ‘ಷ್ಟ್ರ’ ಕೂರೋದಿಲ್ಲ. ಹಾಗಾಗಿ ಪರದೆಯನ್ನು ಗ್ರಾಫಿಕ್ಸ್‌ಗೆ ಬದಲಾಯಿಸಿ, ಪ್ರತಿ ಅಕ್ಷರವನ್ನೂ ಚುಕ್ಕಿ ಚುಕ್ಕಿಯಾಗಿ ಪ್ರೋಗ್ರಾಂ ತಾನೇ ಬಿಡಿಸಬೇಕು. ಹರ್ಕ್ಯುಲಿಸ್ ಕಾರ್ಡಿನ 720×348 ಚುಕ್ಕಿಯ ಪರದೆಗೆ 31,320 ಬೈಟ್. ವಿಜಿಎ ಬಂದಮೇಲೆ 640×480 ಚುಕ್ಕಿ, 16 ಬಣ್ಣಕ್ಕೆ 1,53,600 ಬೈಟ್. ಈ ಜಾಗ ಡಿಸ್‌ಪ್ಲೇ ಕಾರ್ಡಿನದ್ದೇ ಆದರೂ, ಅಷ್ಟನ್ನೂ ತುಂಬೋ ದುಡಿಮೆ 8088ರಂಥ ಬಡ ಚಿಪ್ಪಿನದ್ದು.

ಅಕ್ಷರಗಳ ಚಿತ್ರ ಮಾತ್ರ ರ‍್ಯಾಮಿನಲ್ಲೇ ಇರಬೇಕು. 24×24 ಚುಕ್ಕಿಯ ಒಂದು ಅಕ್ಷರಕ್ಕೆ 72 ಬೈಟ್. ನಮ್ಮ 34 ವ್ಯಂಜನಗಳಿಗೆ, ‘ಕ’ದಿಂದ ‘ಕೌ’ವರೆಗೆ ‘ಕೃ’ ಸೇರಿಸಿ 13 ರೂಪ ಅಂತ ಇಟ್ಟುಕೊಂಡರೆ 442 ಚಿತ್ರ, 31,824 ಬೈಟ್. ಪರವಾಗಿಲ್ಲ, ಹಿಡಿಸುತ್ತೆ. ಒತ್ತಕ್ಷರ ಬಂದಾಗ ನೋಡಿ: ಪ್ರತಿ ವ್ಯಂಜನಕ್ಕೂ ಪ್ರತಿ ವ್ಯಂಜನದ ಒತ್ತು, ಅದಕ್ಕೆ 13 ಗುಣಿತ. 34×34×13, ಒಟ್ಟು 15,028 ಚಿತ್ರ, 10,82,016 ಬೈಟ್. 8088 ಚಿಪ್ಪಿನ ಇಡೀ ವಿಳಾಸ ಲೋಕವೇ 10,48,576 ಬೈಟ್! ಎಲ್ಲ ಒತ್ತಕ್ಷರಗಳನ್ನು ಹಾಗೇ ಚಿತ್ರ ಮಾಡಿಟ್ಟರೆ ಡಾಸ್‌ಗೂ ಜಾಗವಿಲ್ಲ, ಪ್ರೋಗ್ರಾಂಗೂ ಇಲ್ಲ, ಪರದೆಗೂ ಇಲ್ಲ. ‘ಸ್ತ್ರೀ’ಯ ಹಾಗೆ ಎರಡು ಒತ್ತು ಇರೋವನ್ನು ಇನ್ನೂ ಲೆಕ್ಕಕ್ಕೇ ತಗೊಂಡಿಲ್ಲ.

ಇವುಗಳಲ್ಲಿ ಬಹುಪಾಲು ನಾವು ಎಂದೂ ಬರೆಯದ ಜೋಡಣೆಗಳು ಅನ್ನೋದು ನಿಜ. ಆದರೂ ದಾರಿ ಒಂದೇ ಇತ್ತು: ಅಕ್ಷರವನ್ನು ತುಂಡು ಮಾಡೋದು. ತಲೆಕಟ್ಟಿಲ್ಲದ ‘ಕ’ ಬೇರೆ, ತಲೆಕಟ್ಟು ಬೇರೆ, ಕೊಂಬು ಬೇರೆ, ದೀರ್ಘ ಬೇರೆ, ಒತ್ತುಗಳು ಬೇರೆ. ಸುಮಾರು 200 ತುಂಡುಗಳಿದ್ದರೆ 14,400 ಬೈಟ್. ಅಚ್ಚಿನಮನೆಯ ಮೊಳೆ ಜೋಡಿಸುವವರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸವೇ ಇದು.

ಇಬ್ಬಗೆಯ ಪರಿಹಾರ

ಮುದ್ರಣ ಲೋಕದ ಈ ಅನುಭವವನ್ನು ಕಂಪ್ಯೂಟರಿಗೆ ತಂದವರಲ್ಲಿ ಮೊದಲ ಹೆಸರು ಕೆ.ಪಿ. ರಾವ್, ಅಂದ್ರೆ ಕಿನ್ನಿಕಂಬಳ ಪದ್ಮನಾಭ ರಾವ್ ಅವರದ್ದು. ಮೊನೊಟೈಪ್‌ನಲ್ಲಿ ಅಕ್ಷರ ಜೋಡಣೆಯ ತಂತ್ರಜ್ಞಾನದ ಮೇಲೆ ಕೆಲಸ ಮಾಡಿದ್ದ ಅವರು ಡಾಸ್ ಮೇಲೆ ಓಡುವ ಕನ್ನಡ ತಂತ್ರಾಂಶ ಬರೆದು, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಅಂತ ಹೆಸರಿಟ್ಟು ಉಚಿತವಾಗಿ ಕೊಟ್ಟರು. ಅವರ ಕೀಲಿಮಣೆ ವಿನ್ಯಾಸದ ಜಾಣತನ ಏನಂದ್ರೆ, ಟೈಪ್ ಮಾಡುವವರು ಆಕಾರದ ಬಗ್ಗೆ ಯೋಚಿಸಬೇಕಿಲ್ಲ. ಉಚ್ಚಾರಣೆಯ ಕ್ರಮದಲ್ಲಿ ಕೀ ಒತ್ತುತ್ತಾ ಹೋದರೆ ಸಾಕು, ‘ಎಫ್’ ಕೀ ಒತ್ತನ್ನು ಬೆಸೆಯುತ್ತೆ. ಯಾವ ತುಂಡು ಎಲ್ಲಿ ಕೂರಬೇಕು ಅನ್ನೋದು ತಂತ್ರಾಂಶದ ತಲೆನೋವು. ಮುಂದೆ ಇದೇ ವಿನ್ಯಾಸ ಕರ್ನಾಟಕ ಸರ್ಕಾರದ ಅಧಿಕೃತ ಕೀಲಿಮಣೆಯಾಯಿತು. ಡಾಸ್ ಕಾಲದಲ್ಲಿ ‘ಶಬ್ದರತ್ನ’ದಂಥ ತಂತ್ರಾಂಶಗಳೂ ಬಳಕೆಯಲ್ಲಿದ್ದವು.

ಇನ್ನೊಂದು ದಾರಿ ಯಂತ್ರಾಂಶದ್ದು. ಕಾನ್ಪುರದ ಐಐಟಿಯಲ್ಲಿ ಶುರುವಾಗಿ ಪುಣೆಯ ಸಿ–ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಒಂದು ಕಾರ್ಡು. ಪಿಸಿಯೊಳಗೆ ಸಿಕ್ಕಿಸಿದರೆ ಭಾರತೀಯ ಲಿಪಿ ಬಿಡಿಸೋ ಹೊಣೆಯನ್ನು ಅದೇ ಹೊತ್ತುಕೊಳ್ಳುತ್ತಿತ್ತು. ಇಂಗ್ಲಿಷ್‌ಗಾಗಿ ಬರೆದ ಡಾಸ್ ಪ್ರೋಗ್ರಾಂಗಳು ಕನ್ನಡವನ್ನೂ ತೋರಿಸುತ್ತಿದ್ದವು. ಇದರ ಹಿಂದೆ ಇದ್ದ ಸಂಕೇತ ಪದ್ಧತಿ ಇಸ್ಕಿ, 1991ರಲ್ಲಿ ಭಾರತೀಯ ಮಾನಕವಾಯಿತು. ಇದರಲ್ಲಿ ಕಡತದೊಳಗೆ ಉಳಿಯೋದು ಆಕಾರದ ತುಂಡಲ್ಲ, ಅಕ್ಷರ. ‘ಚಳ್ಳಕೆರೆ’ಗೆ ಚ, ಳ, ಹಲಂತ, ಳ, ಕ, ಎತ್ವ, ರ, ಎತ್ವ. ಎಂಟು ಬೈಟಿನಲ್ಲಿ ಊರು ಮುಗಿಯಿತು. ಜಾಗವೂ ಮಿತ, ಅರ್ಥವೂ ಭದ್ರ. ತೊಂದರೆ ಇಷ್ಟೇ: ಕಾರ್ಡು ಇಲ್ಲದ ಯಂತ್ರಕ್ಕೆ ಅದು ಓದಲು ಬರುತ್ತಿರಲಿಲ್ಲ.

ಗಡಿ ದಾಟಿದ್ದು ಹೇಗೆ?

ಕಾಲಾನುಕ್ರಮದಲ್ಲಿ ಒಂದು ನೋಟ:

• 1984: ಐಬಿಎಂ ಪಿಸಿ/ಎಟಿ. ಇದರ 80286 ಚಿಪ್ಪಿಗೆ 24 ವಿಳಾಸ ತಂತಿ, 16 ಎಂಬಿ ತನಕ ಕೈ ಚಾಚಬಲ್ಲದು. ಆದರೆ ಡಾಸ್ ಹಳೇ ಚಿಪ್ಪಿನ ರೀತಿಯಲ್ಲೇ ಓಡುತ್ತಿದ್ದುದರಿಂದ ಮೇಲಿನ ಮೆಮೊರಿ ಇದ್ದೂ ಇಲ್ಲದ ಹಾಗೆ.

• 1985: ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಸೇರಿ ಮಾಡಿದ ಇಎಂಎಸ್. 640ರ ಮೇಲಿನ ಜಾಗದಲ್ಲಿ 64 ಕೆಬಿಯ ಒಂದು ಕಿಟಕಿ ತೆರೆದು, ಹೊರಗಿನ ಮೆಮೊರಿಯನ್ನು 16 ಕೆಬಿ ಪುಟಗಳಾಗಿ ಅದರೊಳಗೆ ಸರಿಸೋದು. ಅದೇ ವರ್ಷ 32 ಬಿಟ್ಟಿನ 80386 ಚಿಪ್ಪೂ ಬಂತು.

• 1990: ವಿಂಡೋಸ್ 3.0. 1 ಎಂಬಿ ಮೇಲಿನ ಮೆಮೊರಿ ಸಾಮಾನ್ಯ ಬಳಕೆದಾರರಿಗೂ ಸಿಕ್ಕಿತು. ಆದರೂ ಒಳಗಿನ ಕೆಲವು ಪಟ್ಟಿಗಳಿಗೆ 64 ಕೆಬಿ ಮಿತಿ ಹಾಗೇ ಉಳಿದು, ಮೆಮೊರಿ ಖಾಲಿ ಇದ್ದರೂ ‘ಜಾಗ ಇಲ್ಲ’ ಅನ್ನೋ ದೂರು ಬರುತ್ತಿತ್ತು.

• 1991: ಎಂಎಸ್–ಡಾಸ್ 5. ಸೆಗ್ಮೆಂಟ್ ಲೆಕ್ಕದ ಒಂದು ವಿಚಿತ್ರದಿಂದ 1 ಎಂಬಿಯ ಆಚೆ 65,520 ಬೈಟ್ ಸಿಗುತ್ತೆ. ಡಾಸ್ ತನ್ನ ದೊಡ್ಡ ಪಾಲನ್ನು ಅಲ್ಲಿಗೆ ಸಾಗಿಸಿ ಕೆಳಗೆ ಜಾಗ ಬಿಟ್ಟಿತು. ಈ ಬಾಗಿಲು ತೆರೆಯೋ ಕೀಲಿ ಪಿಸಿ/ಎಟಿಯಲ್ಲಿ ಇದ್ದದ್ದು ಕೀಬೋರ್ಡ್ ನಿಯಂತ್ರಿಸುವ ಚಿಪ್ಪಿನಲ್ಲಿ! ಅದರಲ್ಲಿ ಒಂದು ತಂತಿ ಖಾಲಿ ಇತ್ತು, ಬಳಸಿಕೊಂಡರು.

• 1995: ವಿಂಡೋಸ್ 95. 32 ಬಿಟ್ಟಿನ ಪ್ರೋಗ್ರಾಂಗಳು ಮನೆಮಾತಾದವು. 640ರ ಗೋಡೆ ದಿನಬಳಕೆಯಿಂದ ಮರೆಯಾಯಿತು.

ಗೋಡೆ ಬಿತ್ತು, ಅಭ್ಯಾಸ ಉಳಿಯಿತು

ಇಲ್ಲಿಂದ ಕನ್ನಡದ ಕಥೆ ದಾರಿ ತಪ್ಪಿತು. ವಿಂಡೋಸ್ ಬಂದಾಗ ಮೆಮೊರಿ ಹೆಚ್ಚಿತು, ಆದರೆ ‘ಒಂದು ಅಕ್ಷರಕ್ಕೆ ಒಂದು ಬೈಟ್, ಒಂದು ಫಾಂಟಿನಲ್ಲಿ ಹೆಚ್ಚೆಂದರೆ 256 ಮನೆ’ ಅನ್ನೋ ಜಿಪುಣತನ ಹಾಗೇ ಮುಂದುವರಿಯಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ, ವಿಂಡೋಸ್ ಅದನ್ನು ‘ತುಂಗಾ’ ಫಾಂಟಿನ ಜೊತೆ ತೋರಿಸೋಕೆ ಶುರು ಮಾಡಿದ್ದು 2001ರ ಎಕ್ಸ್‌ಪಿಯಲ್ಲಿ. ನಡುವಿನ ಹತ್ತು ವರ್ಷ ಜನ ಕಾಯಲು ಆಗುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವು ಇಲ್ಲದಿದ್ದರೆ ಕನ್ನಡ ಕಂಪ್ಯೂಟರಿಗೆ ಇಷ್ಟು ಬೇಗ ಬರುತ್ತಲೇ ಇರಲಿಲ್ಲ ಅನ್ನೋದನ್ನು ಮರೆಯಬಾರದು.

ಆದರೆ ಈ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಕಡತದೊಳಗೆ ಉಳಿದದ್ದು ಅಕ್ಷರ ಅಲ್ಲ, ಆಕಾರದ ತುಂಡು. ‘ಕನ್ನಡ’ ಅನ್ನೋ ಪದ ಯೂನಿಕೋಡ್‌ನಲ್ಲಿ ಐದು ಸಂಕೇತ: ಕ, ನ, ಹಲಂತ, ನ, ಡ. ನುಡಿಯ ಹಳೇ ಪದ್ಧತಿಯಲ್ಲಿ ಏಳು ತುಂಡು: ತಲೆಕಟ್ಟಿಲ್ಲದ ಕ, ತಲೆಕಟ್ಟು, ತಲೆಕಟ್ಟಿಲ್ಲದ ನ, ತಲೆಕಟ್ಟು, ನ ಒತ್ತು, ತಲೆಕಟ್ಟಿಲ್ಲದ ಡ, ತಲೆಕಟ್ಟು. ಆ ಫಾಂಟ್ ಇಲ್ಲದ ಕಡೆ ಮೊದಲ ತುಂಡು ಇಂಗ್ಲಿಷ್ ‘ಪಿ’ ಆಗಿ, ಮೂರನೆಯದು ಪೌಂಡ್ ಚಿಹ್ನೆಯಾಗಿ ಕಾಣುತ್ತೆ. ವಾಟ್ಸಾಪಿನಲ್ಲಿ ಕಂಡ ಕಲಸುಮೇಲೋಗರ ಇದೇ.

‘ಸರ್ಕಾರ’ ಸಿಗದಿದ್ದಕ್ಕೆ ಎರಡನೇ ಕಾರಣವೂ ಇದೆ. ಅರ್ಕಾವೊತ್ತು ಕಣ್ಣಿಗೆ ‘ಕಾ’ದ ಆಚೆ ಕಾಣುತ್ತೆ, ಹಾಗಾಗಿ ಹಳೇ ಕಡತದಲ್ಲಿ ಅದು ‘ಕಾ’ ಆದಮೇಲೆ ಕೂತಿದೆ. ಉಚ್ಚಾರಣೆಯಲ್ಲಿ ‘ರ್’ ಮೊದಲು, ಯೂನಿಕೋಡ್ ಕ್ರಮವೂ ಅದೇ. ಇಬ್ಬರೂ ಹೇಳೋದು ಒಂದೇ ಪದ, ಸಾಲಿನಲ್ಲಿ ನಿಂತ ಕ್ರಮ ಬೇರೆ. ಪರಿವರ್ತನೆ ಮಾಡೋ ತಂತ್ರಾಂಶ ಇಂಥ ಹಿಂದುಮುಂದುಗಳನ್ನೆಲ್ಲ ಸರಿ ಮಾಡಬೇಕು. ನಡುವೆ ಒಂದೆರಡು ನಿಜವಾದ ಇಂಗ್ಲಿಷ್ ಪದ ಬಂದರೆ, ಯಾವುದು ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಅಂತಲೂ ಗುರುತಿಸಬೇಕು. ಫಾಂಟಿನ ಹೆಸರು ಕಡತದಿಂದ ಕಳೆದುಹೋಗಿದ್ದರೆ ಅದು ಬರೀ ಊಹೆ.

ಯೂನಿಕೋಡ್ ದುಬಾರಿ ಅನ್ನೋ ವಾದ ಒಂದು ಕಾಲದಲ್ಲಿ ಇತ್ತು. ಇಸ್ಕಿಯಲ್ಲಿ 8 ಬೈಟಿನ ‘ಚಳ್ಳಕೆರೆ’ ಇವತ್ತು ವೆಬ್ಬಿನಲ್ಲಿ ಬಳಸುವ ಯುಟಿಎಫ್–8ರಲ್ಲಿ 24 ಬೈಟ್. ಮೂರು ಪಟ್ಟು, ನಿಜ. ಆದರೆ 8 ಜಿಬಿ ರ‍್ಯಾಮಿನ ಒಂದು ಮೊಬೈಲಿನಲ್ಲಿ ಡಾಸ್ ಕಾಲದ 640 ಕೆಬಿಗಳು 13,107 ಹಿಡಿಸುತ್ತವೆ. ಜಾಗದ ನೆಪಕ್ಕೆ ಈಗ ಅರ್ಥವಿಲ್ಲ.

ಆಗಬೇಕಾದದ್ದು

ಡಾಸ್ ಕಾಲದವರು ಮಾಡಿದ್ದು ತಪ್ಪಲ್ಲ. ಇದ್ದ ಕಣದಲ್ಲಿ ಒಕ್ಕಣೆ ಮುಗಿಸಿದರು. ತಪ್ಪು ಇರೋದು, ಕಣ ಸಾವಿರಾರು ಪಟ್ಟು ಹಿಗ್ಗಿದ ಮೇಲೂ ಹಳೇ ಫಾಂಟಿನಲ್ಲೇ ಹೊಸ ಆದೇಶ ಟೈಪಾಗುವ ಕಚೇರಿಗಳಲ್ಲಿ. ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಹೊಸದಾಗಿ ಬರೆಯೋದೆಲ್ಲ ಯೂನಿಕೋಡ್‌ನಲ್ಲಿರಲಿ. ಹಳೇ ಕಡತವನ್ನು ಪರಿವರ್ತಿಸುವಾಗ ಮೂಲ ಪ್ರತಿಯನ್ನೂ ಅದರ ಫಾಂಟನ್ನೂ ಜೊತೆಗೇ ಕಾಪಾಡಲಿ. ಊರಿನ ಹೆಸರು, ವ್ಯಕ್ತಿಯ ಹೆಸರು, ಸರ್ವೆ ನಂಬರುಗಳನ್ನು ಮನುಷ್ಯರೇ ಒಮ್ಮೆ ಓದಿ ತಾಳೆ ನೋಡಲಿ. ಒಂದು ಒತ್ತು ತಪ್ಪಿದರೂ ಹೆಸರೇ ಬೇರೆ ಆಗಿಬಿಡುತ್ತೆ. ವೆಬ್‌ಸೈಟಿಗೆ ಹಾಕುವ ಪಿಡಿಎಫ್‌ನೊಳಗಿನ ಪಠ್ಯ ಹುಡುಕಲು ಬರುವಂತಿರಲಿ.

ಕಾವಲ್ ಜಮೀನಿನ ಹಳೇ ಆದೇಶ ಹುಡುಕುವ ಕುರಿಗಾಹಿಯ ಮಗ, ತನ್ನೂರಿನ ಹೆಸರು ಟೈಪ್ ಮಾಡಿದ ತಕ್ಷಣ ಆ ಕಾಗದ ಎದುರಿಗೆ ಬರಬೇಕು. ಅದಕ್ಕೆ ಬೇಕಾದ ಮೆಮೊರಿ ಅವನ ಜೇಬಿನಲ್ಲೇ ಇದೆ. ಬೇಕಿರೋದು ಅತ್ತ ಕಚೇರಿಯಲ್ಲಿ ಕೂತವರು ಫಾಂಟ್ ಬದಲಿಸೋದು.